ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯ: ಕಂಡದ್ದು, ಕಾಣದ್ದು

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಅಪ್ಪನನ್ನು ಕರೆದುಕೊಂಡು ಆರು ವರ್ಷ ಓಡಾಡಿದ್ದೆ. ಅದೇ ಆವರಣದಲ್ಲಿ ಮನುಷ್ಯರ ಮೆದುಳುಗಳನ್ನು ಜನಸಾಮಾನ್ಯರಿಗೆ ತೋರಿಸಿ, ಯಾವ ಕಾಯಿಲೆಯಲ್ಲಿ ಏನಾಗುತ್ತದೆ ಎಂದು ವಿವರಿಸುವ ಸಂಗ್ರಹಾಲಯವೊಂದಿದೆ ಎಂಬುದು ನನಗೆ ಗೊತ್ತಾದದ್ದು ಅಪ್ಪ ತೀರಿಕೊಂಡ ಮೇಲೆ. ಕಳೆದ ತಿಂಗಳು ಒಂದು ಶನಿವಾರ ಚಿಕ್ಕಮ್ಮನ ಜೊತೆ ಅಲ್ಲಿಗೆ ಹೋಗಿ ಬಂದೆ. ನನಗೆ ಅಪ್ಪನ ಪಾರ್ಕಿನ್ಸನ್ ಕಾಯಿಲೆಯನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಒಂಬತ್ತು ವರ್ಷಗಳಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವ ಚಿಕ್ಕಮ್ಮನಿಗೆ ಏನು ನೋಡಬೇಕಿತ್ತು ಎಂಬುದನ್ನು ಅವರು ಮೊದಲಿಗೆ ಹೇಳಲಿಲ್ಲ.

ಸಂಗ್ರಹಾಲಯ ಇರುವುದು ನ್ಯೂರೋಪೆಥಾಲಜಿ, ಅಂದರೆ ಮೆದುಳು ಮತ್ತು ನರಗಳ ರೋಗಲಕ್ಷಣಗಳನ್ನು ಪರೀಕ್ಷಿಸುವ ವಿಭಾಗದಲ್ಲಿ. ಅದರ ಹಿಂದೆ ಇರುವುದು 1995ರಲ್ಲಿ ಅಲ್ಲಿ ಆರಂಭವಾದ ಮೆದುಳು ಬ್ಯಾಂಕ್ ಮತ್ತು ಅದಕ್ಕೂ ಮೊದಲಿನಿಂದ ಡಾ. ಎಸ್. ಕೆ. ಶಂಕರ್ ಅವರೂ ಅವರ ಸಹೋದ್ಯೋಗಿಗಳೂ ಮರಣೋತ್ತರ ಪರೀಕ್ಷೆಗಳ ವೇಳೆ ಕಾಪಿಟ್ಟುಕೊಂಡು ಬಂದ ಮಾದರಿಗಳು. ಪ್ರವೇಶಕ್ಕೆ ಹಣ ಕೊಡಬೇಕಿಲ್ಲ. ಆದರೆ ವಾರದ ಎಲ್ಲ ದಿನವೂ ತೆರೆದಿರುವ ಜಾಗ ಇದಲ್ಲ, ಸಾರ್ವಜನಿಕರಿಗೆಂದು ಗೊತ್ತುಪಡಿಸಿದ ದಿನ ಮತ್ತು ವೇಳೆಯಲ್ಲಿ ಮಾತ್ರ ಬಿಡುತ್ತಾರೆ. ಆದ್ದರಿಂದ ದೂರದ ಊರಿನಿಂದ ಬರುವವರು ಮುಂಚಿತವಾಗಿ ವಿಚಾರಿಸಿಕೊಂಡೇ ಹೊರಡುವುದು ಒಳ್ಳೆಯದು. ಗುಂಪು ಮಾಡಿ ಒಳಗೆ ಕರೆದೊಯ್ದು, ವಿಷಯ ಬಲ್ಲವರೊಬ್ಬರು ಜಾಡಿಯಿಂದ ಜಾಡಿಗೆ ನಡೆಸಿಕೊಂಡು ಹೋಗಿ ವಿವರಿಸುತ್ತಾರೆ. ಈ ಸಂಗ್ರಹಾಲಯದ ಜೀವ ಇರುವುದು ಈ ವಿವರಣೆಯಲ್ಲೇ ಎಂಬುದು ನನ್ನ ಅಭಿಪ್ರಾಯ. ಜಾಡಿಗಳನ್ನು ನಾವೇ ನೋಡಿಕೊಂಡು ಬಂದಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು ಮತ್ತು ಹೆದರಿಕೆಯೊಂದನ್ನು ಬಿಟ್ಟು ಬೇರೇನೂ ಮನೆಗೆ ಬರುತ್ತಿರಲಿಲ್ಲ.

ಇಲ್ಲಿ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ನಮ್ಮ ಗುಂಪಿನಲ್ಲಿದ್ದ ಕಾಲೇಜು ಹುಡುಗರು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದಾಗ ಚಿಕ್ಕಮ್ಮನೇ ಕೈಗವಸು ತೊಟ್ಟು ಎರಡೂ ಕೈ ಚಾಚಿದರು. ನಮ್ಮದು ಕಿರಾಣಿ ಅಂಗಡಿಯ ಮನೆತನ. ಬೆಲ್ಲ, ಹುಣಸೆಹಣ್ಣು, ಕೊಬ್ಬರಿಗಳನ್ನು ಮೂವತ್ತು ವರ್ಷ ತೂಗಿದ ಕೈ ಅವರದು. ಒಂದು ಕ್ಷಣ ಮೇಲೆ ಕೆಳಗೆ ಆಡಿಸಿ, "ಒಂದೂಕಾಲು ಕಿಲೋ ಇದ್ದೀತು" ಎಂದರು. ಅವರ ಅಂದಾಜು ಸರಿಯಾಗಿಯೇ ಇತ್ತು. ವಯಸ್ಕರ ಮೆದುಳಿನ ತೂಕ ಸುಮಾರು 1,200ರಿಂದ 1,400 ಗ್ರಾಂ. ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರವದಲ್ಲಿ ನೆನೆದು ಗಟ್ಟಿಯಾಗಿರುವುದರಿಂದ ಮುಟ್ಟಿದರೆ ಒತ್ತಿಟ್ಟ ಪನೀರಿನ ಹಾಗಿರುತ್ತದೆ, ಆದರೆ ಜೀವಂತ ಮೆದುಳು ಬೆಣ್ಣೆಯಷ್ಟು ಮೆತ್ತಗಿರುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿರುವ ಈ ಅಂಗ ದೇಹದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ಬಳಸುತ್ತದೆ. ಈ ಅಂಕಿಯನ್ನು ನಾನು ಶಾಲೆಯಲ್ಲೇ ಓದಿದ್ದೆ. ತೂಕ ಕೈಗೆ ತಾಗಿದಾಗಲೇ ಅದು ಮನಸ್ಸಿಗೆ ಇಳಿದದ್ದು.

ಅಲ್ಲಿಂದ ಮುಂದೆ ಕಾಯಿಲೆಗಳು. ರಕ್ತನಾಳ ಒಡೆದು ಒಂದು ಭಾಗವೆಲ್ಲ ಕಪ್ಪಾದ ಮೆದುಳಿನ ಹೋಳನ್ನು ನೋಡಿದವರಿಗೆ, ಲಕ್ವ ಹೊಡೆಯುವುದು ಕೈಕಾಲಿಗಲ್ಲ, ತಲೆಗೆ ಎಂಬುದನ್ನು ಮತ್ತೆ ಹೇಳಬೇಕಿಲ್ಲ. ಮುಖ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ ಎಣ್ಣೆ ತಿಕ್ಕುತ್ತ ಕೂರದೆ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಓಡಬೇಕು, ಏಕೆಂದರೆ ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿನಲ್ಲಿ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಗಡ್ಡೆಗಳ, ಕ್ಷಯದ ಸೋಂಕು ತಗುಲಿದ ಮೆದುಳುಗಳ ಮುಂದೆ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಿಂತದ್ದು ಲಾಡಿಹುಳುವಿನ ಗೂಡುಗಳಿದ್ದ ಮೆದುಳಿನ ಮುಂದೆ. ಕತ್ತರಿಸಿದ ಹೋಳಿನ ತುಂಬ ಬಟಾಣಿ ಗಾತ್ರದ ಸಣ್ಣ ಸಣ್ಣ ಕುಳಿಗಳು. ಹಂದಿಮಾಂಸ ತಿನ್ನುವವರಿಗೆ ಮಾತ್ರ ಬರುವ ಕಾಯಿಲೆ ಇದು ಎಂದು ನಾನೂ ನಂಬಿದ್ದೆ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ, ನಿಜ. ಆದರೆ ಮೆದುಳಿಗೆ ಹೋಗಿ ಗೂಡು ಕಟ್ಟುವುದು ಆ ಹುಳುವಿನ ಮೊಟ್ಟೆಯಿಂದ ಬಂದ ಮರಿ. ಮೊಟ್ಟೆ ಬರುವುದು ಹುಳುವಿರುವ ಮನುಷ್ಯನ ಮಲದಿಂದ. ಅದು ನೀರಿಗೋ ಮಣ್ಣಿಗೋ ಸೇರಿ, ತೊಳೆಯದ ಕೊತ್ತಂಬರಿ, ಕ್ಯಾರೆಟ್ಟು, ಸೌತೆಕಾಯಿಗಳ ಮೂಲಕ, ಇಲ್ಲವೇ ಕೈ ತೊಳೆಯದೆ ಅಡುಗೆ ಮಾಡಿದವರ ಬೆರಳಿನ ಮೂಲಕ, ಈರುಳ್ಳಿಯನ್ನೂ ಮುಟ್ಟದ ಮನೆಯವರ ಹೊಟ್ಟೆಗೂ ಸೇರಬಹುದು. ನಮ್ಮ ದೇಶದಲ್ಲಿ ಮೂರ್ಛೆರೋಗಕ್ಕೆ ಇದೊಂದು ಮುಖ್ಯ ಕಾರಣ. ಇದನ್ನು ಕೇಳಿದ ಮೇಲೆ ನಮ್ಮ ಮನೆಯಲ್ಲಿ ಕೋಸಂಬರಿಗೆ ಸೊಪ್ಪು ತೊಳೆಯುವ ರೀತಿ ಬದಲಾಗಿದೆ.

ಮೂರ್ಛೆಯ ಮಾತು ಬಂದಾಗ ಇಡೀ ಗುಂಪು ಮಾತಾಡತೊಡಗಿತು. ಕೈಗೆ ಬೀಗದ ಕೈ ಕೊಡುವುದನ್ನು, ಮೂಗಿಗೆ ಚಪ್ಪಲಿ ಹಿಡಿಯುವುದನ್ನು ನೋಡದವರು ಅಲ್ಲಿ ಒಬ್ಬರೂ ಇರಲಿಲ್ಲ. ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಗಡಿಯಾರ ನೋಡುತ್ತಾ ಪಕ್ಕದಲ್ಲಿರಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಸಾಗಿಸಬೇಕು. ಸಾಮಾನ್ಯವಾಗಿ ಸೆಳೆತ ತನ್ನಷ್ಟಕ್ಕೆ ನಿಲ್ಲುತ್ತದೆ. ಆ ಹೊತ್ತಿಗೆ ಕೈಯಲ್ಲಿದ್ದ ಕಬ್ಬಿಣಕ್ಕೆ ಕೀರ್ತಿ ಹೋಗುತ್ತದೆ.

ಈ ಸಂದರ್ಭದಲ್ಲಿ ನಮ್ಮ ನಾಡಿಗೇ ಸೇರಿದ ಎರಡು ಸಂಗತಿಗಳನ್ನು ಹೇಳಬೇಕು. ಮೊದಲನೆಯದು ಬಿಸಿನೀರಿನ ಮೂರ್ಛೆ. ಎಣ್ಣೆ ಹಚ್ಚಿಕೊಂಡು, ಹಂಡೆಯಿಂದ ಸುಡುಸುಡು ನೀರನ್ನು ಚೊಂಬಿನಲ್ಲಿ ಮೊಗೆದು ಒಂದೇ ಸಮನೆ ನೆತ್ತಿಗೆ ಹುಯ್ದುಕೊಳ್ಳುವಾಗ ಕೆಲವರಿಗೆ, ಅದರಲ್ಲೂ ಮಕ್ಕಳಿಗೆ, ಮೂರ್ಛೆ ಬರುತ್ತದೆ. ಜಗತ್ತಿನ ಬೇರೆಡೆ ಅಪರೂಪವಾದ ಇದು ದಕ್ಷಿಣ ಕರ್ನಾಟಕದಲ್ಲಿ ವೈದ್ಯರಿಗೆ ಚೆನ್ನಾಗಿ ಪರಿಚಿತ, ಮತ್ತು ಇದರ ಬಗ್ಗೆ ವ್ಯವಸ್ಥಿತ ಅಧ್ಯಯನಗಳು ನಡೆದದ್ದೂ ಬೆಂಗಳೂರಿನಲ್ಲೇ. ನೀರಿನ ಬಿಸಿ ತಗ್ಗಿಸಿದರೆ, ತಲೆಗೆ ಹುಯ್ಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರೆ ಎಷ್ಟೋ ಮಂದಿಗೆ ತಡೆ ಸಿಗುತ್ತದೆ. ಬಚ್ಚಲುಮನೆಯಲ್ಲಿ ಗಾಳಿ ಸೋಕಿತು ಎಂದು ನಮ್ಮೂರಿನಲ್ಲಿ ತಾಯತ ಕಟ್ಟಿಸಿಕೊಂಡ ಒಬ್ಬ ಹುಡುಗ ನನಗೆ ನೆನಪಾದ. ಎರಡನೆಯದು ಯಳಂದೂರಿನ ಅಧ್ಯಯನ. ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಆ ಸೀಮೆಯ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್, ಫೆನಿಟೋಯಿನ್‌ನಂತಹ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಮೂರ್ಛೆರೋಗವನ್ನು ಹಿಡಿತದಲ್ಲಿಡಲು ಸಾಧ್ಯ ಎಂದು ತೋರಿಸಿದ್ದು, ಅದು 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸರಿಯಾದ ಚಿಕಿತ್ಸೆ ದೊರೆತರೆ ಮೂರ್ಛೆರೋಗಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಮೂರ್ಛೆಯಿಲ್ಲದೆ ಬದುಕಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹೀಗಿದ್ದೂ ಮದುವೆಯ ಮಾತುಕತೆಯಲ್ಲಿ ಈ ಕಾಯಿಲೆಯನ್ನು ಮುಚ್ಚಿಡುವ ಮನೆಗಳು, ಮುಚ್ಚಿಟ್ಟ ಕಾರಣಕ್ಕೇ ಮಾತ್ರೆ ತಪ್ಪಿಸಿ ನರಳುವ ಹೆಣ್ಣುಮಕ್ಕಳು ನಮ್ಮ ಸುತ್ತ ಇನ್ನೂ ಇದ್ದಾರೆ.

ನಾನು ನೋಡಲು ಹೋಗಿದ್ದು ಮಾತ್ರ ಮಿದುಳುಕಾಂಡದ ಒಂದು ತೆಳ್ಳನೆಯ ಅಡ್ಡ ಹೋಳನ್ನು. ಅದರಲ್ಲಿ ಎರಡೂ ಬದಿಗೆ ಕಾಡಿಗೆಯಿಂದ ಎಳೆದ ಹುಬ್ಬಿನಂತೆ ಒಂದೊಂದು ಕಪ್ಪು ಗೆರೆ ಇರಬೇಕು. ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಇರುವುದು ಅಲ್ಲಿ. ಪಾರ್ಕಿನ್ಸನ್ ಕಾಯಿಲೆಯ ಮೆದುಳಿನಲ್ಲಿ ಆ ಗೆರೆ ಮಾಸಿಹೋಗಿರುತ್ತದೆ. ಎರಡನ್ನೂ ಹೋಲಿಸಿ ತೋರಿಸಿದಾಗ, ತೊಳೆದ ಸ್ಲೇಟಿನ ಮೇಲೆ ಉಳಿದ ಬಳಪದ ಗುರುತಿನಷ್ಟೇ ಅದು ಕಂಡಿತು. ಅಪ್ಪನ ಆರು ವರ್ಷದ ನರಳಿಕೆಯೆಲ್ಲ ಉಗುರಿನಗಲದ ಆ ಜಾಗದಿಂದ ಹುಟ್ಟಿತ್ತು.

ಅಪ್ಪನ ಕಾಯಿಲೆಯನ್ನು ಮೊದಲು ಬರೆದಿಟ್ಟದ್ದು ಅಂಗಡಿಯ ಸಾಲದ ಪುಸ್ತಕ. ಅದು ನಮಗೆ ಗೊತ್ತಾದದ್ದು ಬಹಳ ತಡವಾಗಿ. 2013ರ ಪುಸ್ತಕದಲ್ಲಿ ಅವರ ಅಕ್ಷರಗಳು ಗೆರೆಯಿಂದ ಗೆರೆಗೆ ತುಂಬಿಕೊಂಡು ದುಂಡಗೆ ಕೂತಿವೆ. 2015ರ ಹೊತ್ತಿಗೆ ಪ್ರತಿ ಸಾಲೂ ದೊಡ್ಡದಾಗಿ ಆರಂಭವಾಗಿ, ಬಲಕ್ಕೆ ಹೋಗುತ್ತ ಹೋಗುತ್ತ ಸಾಸಿವೆ ಕಾಳಿನಷ್ಟಾಗುತ್ತದೆ. ಒಂದು ಪುಟದಲ್ಲಿ "ತೊಗರಿಬೇಳೆ" ಎಂಬುದರ ಕೊನೆಯ ಎರಡು ಅಕ್ಷರಗಳನ್ನು ಓದಲೇ ಆಗುವುದಿಲ್ಲ. ಅದೇ ಕಾಲಕ್ಕೆ ಇಂಗಿನ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, ಈ ಸಲದ ಸರಕಿಗೆ ವಾಸನೆಯೇ ಇಲ್ಲ ಎಂದು ಮಾರುವವರ ಮೇಲೆ ರೇಗಿದ್ದರು. ಗಿರಾಕಿಗಳ ಜೊತೆ ಮಾತು ಕಡಿಮೆಯಾಯಿತು, ನಗು ನಿಂತಿತು. ಹಬ್ಬಕ್ಕೆ ಹೊಸ ಬಟ್ಟೆ ತಂದರೆ ತೆರೆದೂ ನೋಡುತ್ತಿರಲಿಲ್ಲ. ಕೈ ನಡುಗುವುದು ಶುರುವಾದದ್ದು ಇವೆಲ್ಲ ಆಗಿ ಒಂದೂವರೆ ವರ್ಷದ ಮೇಲೆ. ನಮ್ಮೂರ ಕಡೆಯ ಒಂದು ಚಿಕಿತ್ಸಾಲಯದಲ್ಲಿ ಹದಿನಾಲ್ಕು ತಿಂಗಳು, ವಯಸ್ಸಾಯಿತು, ನರದ ದೌರ್ಬಲ್ಯ ಎಂದು ವಿಟಮಿನ್ ಚುಚ್ಚುಮದ್ದು ಕೊಟ್ಟರು. ಬರವಣಿಗೆ ಕುಗ್ಗುವುದು, ವಾಸನೆ ತಿಳಿಯದಿರುವುದು, ಕಾರಣವಿಲ್ಲದೆ ಮಂಕಾಗುವುದು ಇವೆಲ್ಲ ಪಾರ್ಕಿನ್ಸನ್‌ನಲ್ಲಿ ನಡುಕಕ್ಕಿಂತ ಮುಂಚೆಯೇ ಬರಬಹುದು ಎಂದು ಆಗ ಒಬ್ಬರಾದರೂ ಹೇಳಿದ್ದರೆ ಆ ಪುಸ್ತಕವನ್ನೇ ವೈದ್ಯರ ಮೇಜಿನ ಮೇಲೆ ಇಡುತ್ತಿದ್ದೆ. ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲೂ ಮೆದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪ ಇದೆ, ಅಪ್ಪನಿಗೆ ಹೊತ್ತುಹೊತ್ತಿಗೆ ಕೊಡುತ್ತಿದ್ದ ಮಾತ್ರೆಯಲ್ಲಿದ್ದುದೂ ಅದೇ. ಆದರೆ ಅಳತೆ ತಪ್ಪಿದರೆ ಕೆಡುಕಾಗುವ ಔಷಧಿಯಾದ್ದರಿಂದ ಯಾರೂ ಬೀಜದ ಪುಡಿಯನ್ನು ತಾವೇ ನುಂಗಬಾರದು.

ಮರೆವಿನ ಕಾಯಿಲೆಯ ಮೆದುಳು ಒಣಗಿದ ಆಕ್ರೋಟಿನಂತೆ ಸುಕ್ಕುಗಟ್ಟಿತ್ತು. ಮಡಿಕೆಗಳ ನಡುವಿನ ಸಂದುಗಳು ಅಗಲವಾಗಿ, ಒಳಗಿನ ಕುಹರಗಳು ಹಿಗ್ಗಿದ್ದವು. ಅರುವತ್ತಕ್ಕೆ ಅರಳು ಮರಳು ಎಂಬ ಗಾದೆಯಿಂದ ನಮ್ಮ ಜನಕ್ಕೆ ಆಗಿರುವ ನಷ್ಟ ಸಣ್ಣದಲ್ಲ. ವಯಸ್ಸಾದವರೆಲ್ಲರ ಮೆದುಳೂ ಹೀಗಾಗುವುದಿಲ್ಲ. ಹೀಗಾದದ್ದು ಕಾಯಿಲೆ, ಸಹಜ ಮುಪ್ಪಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಮುಪ್ಪು. ಕನ್ನಡಕ ಏತಕ್ಕೆ ಎಂದು ತಿಳಿಯದಿರುವುದು ಕಾಯಿಲೆ. ಥೈರಾಯ್ಡ್ ದೋಷ, ಬಿ12 ಕೊರತೆ, ಖಿನ್ನತೆಗಳಿಂದಲೂ ಮರೆವು ಬರಬಹುದು ಮತ್ತು ಇವುಗಳಿಗೆ ಚಿಕಿತ್ಸೆ ಇದೆ. ಗಾದೆ ಹೇಳಿ ಸುಮ್ಮನಾದರೆ ಇವೂ ಪತ್ತೆಯಾಗದೆ ಉಳಿಯುತ್ತವೆ.

ಚಿಕ್ಕಮ್ಮ ತಮ್ಮ ಪ್ರಶ್ನೆಯನ್ನು ಕೇಳಿದ್ದು ಇಲ್ಲಿ. ಎಲ್ಲ ಜಾಡಿಗಳನ್ನೂ ಒಮ್ಮೆ ತಿರುಗಿ ನೋಡಿ, "ಮೇಡಂ, ನನ್ನ ಕಾಯಿಲೆ ಇದರಲ್ಲಿ ಯಾವುದು?" ಎಂದರು. ಏನು ಕಾಯಿಲೆ ಎಂದು ಅವರು ಕೇಳಿದಾಗ ಚಿಕ್ಕಮ್ಮ ದನಿ ತಗ್ಗಿಸದೆ, ಖಿನ್ನತೆ ಎಂದರು. ಹುಡುಗರು ಸುಮ್ಮನಾದರು. ವಿವರಿಸುತ್ತಿದ್ದವರು ತುಸು ಹೊತ್ತು ತಡೆದು, ಅದು ಹೀಗೆ ಬರಿಗಣ್ಣಿಗೆ ಕಾಣುವುದಿಲ್ಲ ಎಂದು ಹೇಳಿ, ಏಕೆ ಕಾಣುವುದಿಲ್ಲ ಎಂಬುದನ್ನು ಸಮಾಧಾನದಿಂದ ತಿಳಿಸಿದರು. ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಬಗೆಯಲ್ಲಿ, ಯಾವ ಜಾಲ ಯಾವಾಗ ಎಷ್ಟು ಚುರುಕಾಗಿರುತ್ತದೆ ಎಂಬುದರಲ್ಲಿ ಏರುಪೇರಾಗುವ ಕಾಯಿಲೆಗಳಿವೆ. ಜೀವ ಹೋದಾಗ ಆ ಚಲನೆಯೂ ನಿಲ್ಲುತ್ತದೆ, ಫಾರ್ಮಲಿನ್ ಅದನ್ನು ಹಿಡಿದಿಡಲಾರದು. ಖಿನ್ನತೆ, ಆತಂಕ, ಗೀಳು, ಬೈಪೋಲಾರ್, ಸ್ಕಿಜೋಫ್ರೇನಿಯಾ ಇವುಗಳಲ್ಲಿ ನೂರಾರು ಮಂದಿಯ ಸ್ಕ್ಯಾನ್‌ಗಳನ್ನು ಒಟ್ಟಾಗಿ ಅಳೆದರೆ ಸಣ್ಣ ವ್ಯತ್ಯಾಸಗಳು ಸಿಗುತ್ತವೆ, ಆದರೆ ಒಬ್ಬರ ಸ್ಕ್ಯಾನ್ ನೋಡಿ ಇವರಿಗೆ ಖಿನ್ನತೆಯಿದೆ ಎಂದು ಹೇಳುವ ಪರೀಕ್ಷೆ ಇನ್ನೂ ಇಲ್ಲ.

ಈ ಸಂಗ್ರಹಾಲಯದ ಮಿತಿ ಇದು, ಆದರೆ ಅಲ್ಲಿಗೆ ಹೋಗುವುದಕ್ಕೆ ಅತಿ ದೊಡ್ಡ ಕಾರಣವೂ ಇದೇ ಎಂದು ನಾನು ಭಾವಿಸುತ್ತೇನೆ. ಅಪ್ಪನ ಕೈ ನಡುಗಿದಾಗ ಊರೇ ಮರುಗಿತು. ಚಹಾದ ಲೋಟವನ್ನು ಅರ್ಧ ತುಂಬಿಸಿ ಕೊಡಬೇಕೆಂದು ಹೋಟೆಲಿನವರಿಗೂ ಗೊತ್ತಿತ್ತು. ಅದೇ ಮನೆಯಲ್ಲಿ ಚಿಕ್ಕಮ್ಮ ಬೆಳಗಿನ ಜಾವ ಮೂರಕ್ಕೆ ಎದ್ದು ಗೋಡೆ ನೋಡುತ್ತ ಕೂತಾಗ, ಊಟ ಸೇರದೆ ಸೊರಗಿದಾಗ, ಇಷ್ಟಪಟ್ಟು ಬೆಳೆಸಿದ ಮಲ್ಲಿಗೆ ಬಳ್ಳಿಗೆ ನೀರು ಹಾಕುವುದನ್ನೂ ಬಿಟ್ಟಾಗ ಸಿಕ್ಕ ಮಾತು ಒಂದೇ: ಮನಸ್ಸು ಗಟ್ಟಿ ಮಾಡಿಕೋ. ಆ ಮಾತನ್ನು ನಾನೂ ಆಡಿದ್ದೇನೆ. ಡೋಪಮಿನ್ ಕೋಶ ಗಟ್ಟಿ ಮಾಡಿಕೋ ಎಂದು ಅಪ್ಪನಿಗೆ ಯಾರೂ ಹೇಳಲಿಲ್ಲ.

ಕಾಣುವುದಕ್ಕೂ ಕಾಣದಿರುವುದಕ್ಕೂ ನಡುವಿನ ಗೆರೆ ನಾವು ತಿಳಿದಷ್ಟು ಗಟ್ಟಿಯಾದದ್ದಲ್ಲ. ಅರೆತಲೆನೋವು ನರರೋಗವೇ, ಆದರೆ ಅದರ ಮೆದುಳನ್ನು ಜಾಡಿಯಲ್ಲಿಟ್ಟರೆ ಏನೂ ಕಾಣದು. ಎಷ್ಟೋ ಬಗೆಯ ಮೂರ್ಛೆರೋಗಗಳ ಕಥೆಯೂ ಅಷ್ಟೇ. ನೂರೈವತ್ತು ವರ್ಷದ ಹಿಂದೆ ಯುರೋಪಿನ ಹುಚ್ಚಾಸ್ಪತ್ರೆಗಳ ಹಾಸಿಗೆಗಳನ್ನು ತುಂಬಿದ್ದ ಒಂದು ಬಗೆಯ ಬುದ್ಧಿಭ್ರಮಣೆಯನ್ನು ನಡತೆಗೆಟ್ಟವರ ಪಾಡು ಎನ್ನುತ್ತಿದ್ದರು. 1913ರಲ್ಲಿ ನೊಗುಚಿ ಮತ್ತು ಮೂರ್ ಎಂಬವರು ಅಂಥವರ ಮೆದುಳಿನೊಳಗೆ ಸಿಫಿಲಿಸ್ ಎಂಬ ಲೈಂಗಿಕ ರೋಗದ ರೋಗಾಣುವನ್ನೇ ತೋರಿಸಿದರು. ಮುಂದೆ ಪೆನಿಸಿಲಿನ್ ಬಂದು ಆ ಹಾಸಿಗೆಗಳು ಖಾಲಿಯಾದವು. 2007ರಲ್ಲಿ ಇನ್ನೊಂದು ಕಾಯಿಲೆ ಹೀಗೆಯೇ ಬೆಳಕಿಗೆ ಬಂತು. ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳಿನ ಕೋಶಗಳು ಸುದ್ದಿ ಪಡೆಯಲು ಬಳಸುವ ಒಂದು ಗ್ರಾಹಕದ (ರಿಸೆಪ್ಟರ್) ಮೇಲೆ ತಿರುಗಿಬಿದ್ದು, ಚೆನ್ನಾಗಿದ್ದ ಹುಡುಗಿ ವಾರದೊಳಗೆ ಭ್ರಮೆಗೊಳಗಾಗಿ, ದೆವ್ವ ಮೆಟ್ಟಿದವಳಂತೆ ವರ್ತಿಸುವ ಕಾಯಿಲೆ ಅದು. ಈಗ ಅದಕ್ಕೆ ಪರೀಕ್ಷೆಯೂ ಇದೆ, ಚಿಕಿತ್ಸೆಯೂ ಇದೆ. ಪರೀಕ್ಷೆ ಬರುವುದಕ್ಕೆ ಹಿಂದಿನ ದಿನವೂ ಅದು ಕಾಯಿಲೆಯೇ ಆಗಿತ್ತು.

1847ರಲ್ಲಿ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾದ ಮಾನಸಿಕ ಚಿಕಿತ್ಸಾಲಯವೂ 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರ ಡಿಸೆಂಬರಿನಲ್ಲಿ ಒಂದಾಗಿ ಈ ಸಂಸ್ಥೆಯಾದಾಗ, ಹೆಸರಿನಲ್ಲಿ ಮಾನಸಿಕ ಆರೋಗ್ಯವನ್ನೂ ನರವಿಜ್ಞಾನವನ್ನೂ ಜೊತೆಗೂಡಿಸಿದವರು ದೂರದೃಷ್ಟಿಯವರು. ಅಪ್ಪನಿಗೆ ಪಾರ್ಕಿನ್ಸನ್‌ನ ಜೊತೆಗೆ ಖಿನ್ನತೆಯೂ ಇದೆ ಎಂದು ಗುರುತಿಸಿ ಎರಡಕ್ಕೂ ಚಿಕಿತ್ಸೆ ಕೊಟ್ಟದ್ದು ಅಲ್ಲೇ. ಆಗ ಮಾತ್ರ ನನಗೆ, ಅಪ್ಪ ಮತ್ತು ಚಿಕ್ಕಮ್ಮ ಒಂದೇ ಕಾಯಿಲೆಯ ಒಂದು ತುಣುಕನ್ನು ಹಂಚಿಕೊಂಡಿದ್ದಾರೆ ಎಂಬುದು ಹೊಳೆದದ್ದು. ಇದೇ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇರುವುದು ಕಂಡಿತು, ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಯಾರು ಹೋಗಬೇಕು ಎಂದು ಕೇಳಿದರೆ, ಹೈಸ್ಕೂಲು ದಾಟಿದ ಎಲ್ಲರೂ ಎನ್ನುತ್ತೇನೆ. ತೀರ ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಮುನ್ನ ಅವರ ಸ್ವಭಾವ ನೋಡಿಕೊಳ್ಳಿ. ಮನೆಯಲ್ಲಿ ಇತ್ತೀಚೆಗೆ ಮೆದುಳಿನ ಕಾಯಿಲೆಯಿಂದ ಯಾರಾದರೂ ತೀರಿಕೊಂಡಿದ್ದರೆ ಸ್ವಲ್ಪ ಕಾಲ ಬಿಟ್ಟು ಹೋಗುವುದು ಮೇಲು. ನಾನು ಒಂದು ವರ್ಷ ಬಿಟ್ಟು ಹೋಗಿದ್ದರೂ ಆ ಮಾಸಿದ ಗೆರೆಯ ಮುಂದೆ ನಿಲ್ಲುವುದು ಸುಲಭವಾಗಿರಲಿಲ್ಲ. ಇದು ಚಿಕಿತ್ಸೆ ಸಿಗುವ ಜಾಗವಲ್ಲ ಎಂಬುದೂ ನೆನಪಿರಲಿ. ಎರಡು ವಾರಕ್ಕೂ ಮೀರಿ ಮಂಕು ಕವಿದಿದ್ದರೆ, ನಿದ್ದೆ ಊಟ ಆಸಕ್ತಿ ಮೂರೂ ಕೆಟ್ಟಿದ್ದರೆ, ಸಾಯುವ ಯೋಚನೆ ಸುಳಿದರೆ ಅದಕ್ಕೆ ಬೇರೆ ದಾರಿಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯೂ ನಮ್ಮ ರಾಜ್ಯದಲ್ಲಿದೆ.

ಹೊರಡುವ ಮುನ್ನ ಚಿಕ್ಕಮ್ಮ ಇನ್ನೊಂದು ಮಾತು ಕೇಳಿದರು. ಕಣ್ಣು ದಾನ ಮಾಡುವ ಹಾಗೆ ಇದನ್ನೂ ಕೊಡಬಹುದೇ, ತನ್ನಂಥವರದೂ ಬೇಕಾಗುತ್ತದೆಯೇ ಎಂದು. ಕೊಡಬಹುದು, ಮಾನಸಿಕ ಕಾಯಿಲೆ ಇದ್ದವರ ಮೆದುಳು ಸಂಶೋಧನೆಗೆ ಬಹಳ ಮುಖ್ಯ, ಆದರೆ ಸಾವಿನ ನಂತರ ತಡಮಾಡದೆ ತಿಳಿಸಬೇಕು, ಮನೆಯವರ ಒಪ್ಪಿಗೆ ಬೇಕು ಎಂಬ ಉತ್ತರ ಬಂತು. ಅದನ್ನು ಅವರು ಚೀಲದಲ್ಲಿದ್ದ ಅಂಗಡಿಯ ಚೀಟಿಯೊಂದರ ಹಿಂದೆ ಬರೆದುಕೊಂಡರು. ಬಸ್ಸು ಡೇರಿ ಸರ್ಕಲ್ ದಾಟುವವರೆಗೆ ಮಾತಾಡಲಿಲ್ಲ. ಆಮೇಲೆ ಚೀಟಿಯನ್ನು ನನ್ನ ಕೈಗೆ ಕೊಟ್ಟು, "ಮನೆಯವರು ಅಂದರೆ ನೀನೇ ತಾನೇ, ನೀನೇ ಇಟ್ಟುಕೋ" ಎಂದರು.